ಮಾತೂ ಗಟ್ಟಿ, ಗಾಡಿಯೂ ಗಟ್ಟಿ

ಕಲ್ಲು ಕ್ವಾರಿಯ ಧಣಿ ಸಂಗನಗೌಡರು ತಮ್ಮ ಡ್ರೈವರನಿಗೆ ಹುಕುಂ ಮಾಡಿದರು. "ಬಂಡೆಗಲ್ಲ ಮ್ಯಾಲೆ ಆಡಸಾಕ ಒಂದು ರಿಮೋಟ್ ಕಾರ್ ತಗೊಂಬಾ. ಅದು ಮುರೀತಂದ್ರ ನಿನ್ನ ನೌಕರಿ ಹೋತು."

ಆಟಿಕೆ ಅಂಗಡಿಯವನು ಡ್ರೈವರನ ಮುಂದೆ ಹೊಳೆಯುವ ನಾಲ್ಕು ಕಾರು ಸಾಲಾಗಿಟ್ಟ. "ಎಲ್ಲಾ ಗಟ್ಟಿ ಅದಾವ್ರೀ" ಎಂದು ಕೂಗಿದ.

"ಮಾತು ಗಟ್ಟಿ ಐತ್ರೀ. ಗಾಡಿನೂ ಗಟ್ಟಿ ಇದ್ರ, ನೀವ ಒಂದನ್ನ ಮೆಟ್ಟಲ ಮ್ಯಾಲಿಂದ ಬಿಡ್ರಿ. ಅದನ್ನ ಒಯ್ತೀನಿ" ಎಂದ ಡ್ರೈವರ.

ಅಂಗಡಿಯವನು ನಾಲ್ಕೂ ಕಾರನ್ನು ಡಬ್ಬಿಗೆ ತುಂಬಿದ. ಕೊನೆಗೆ ತಾನೇ ದಿನಾ ಓಡಿಸುವ, ಮಣ್ಣು ಮೆತ್ತಿದ ಕಾರನ್ನು ಒಳಗಿಂದ ತಂದು ಮೆಟ್ಟಿಲ ಮೇಲಿಂದ ಬಿಟ್ಟ. ಅದು ಉರುಳಿ ಎದ್ದು ಓಡಿತು.

"ಹಳೇದ್ ತಂದಿಯೇನಲೇ?" ಎಂದರು ಗೌಡರು, ಡ್ರೈವರ ಕ್ವಾರಿಗೆ ತಂದ ಕಾರು ನೋಡಿ.

"ಹೊಸಾವನ್ನ ಬೀಳಸಾಕ ಮಾರಾವಂಗ ಧೈರ್ಯ ಇರಲಿಲ್ರೀ, ಧಣಿ."

ಗೌಡರು ಕಾರನ್ನು ಬಂಡೆಯಿಂದ ಮೂರು ಸಲ ಹಾರಿಸಿದರು. ಅದು ಮುರಿಯಲಿಲ್ಲ. ಮೀಸೆಯಲ್ಲೇ ನಕ್ಕರು.

"ನಾಳಿ ಜೀಪ್ ಕೊಳ್ಳಾಕ ನೀನೂ ಬಾರಪಾ. ಶೋರೂಮಿನವರು ಸ್ವಲ್ಪ ಹೆದರ್ಲಿ."