ಕೆಂಗಮ್ಮನ ಸೆರೆ

ಹೊನ್ನೆಕೆರೆಯ ಏರಿ ಮುಗಿದು ಗುಡ್ಡ ಶುರುವಾಗುವಲ್ಲಿ ಒಂದು ಹಳೆಯ ಹಿಪ್ಪೆಮರವಿದೆ. ಸುತ್ತ ಗೋಡೆಯಿಲ್ಲ, ಬಾಗಿಲಿಲ್ಲ. ಆದರೂ ಊರವರು ಆ ಜಾಗವನ್ನು ಕೆಂಗಮ್ಮನ ಸೆರೆ ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಸೀಮೆಯನ್ನು ಆಳುತ್ತಿದ್ದ ನಾಯಕನ ತಾಯಿ ನೆಟ್ಟ ಮರವದು. ಆಕೆ ತೀರಿಕೊಂಡ ಮೇಲೆ ಅದಕ್ಕೆ ಕಬ್ಬಿಣ ಸೋಕಬಾರದೆಂದು ನಾಯಕ ಕಟ್ಟಪ್ಪಣೆ ಮಾಡಿದ್ದ. ತೋಪುಗಳ ಮರ ಸವರುವುದೇ ಕಸುಬಾಗಿದ್ದ ಕೆಂಗಮ್ಮ ಒಂದು ಮಾಗಿಯಲ್ಲಿ ನೋಡುತ್ತಾಳೆ, ಎದೆಯೆತ್ತರದ ದೊಡ್ಡ ಕೊಂಬೆ ಕೊಳೆತು, ಆ ಕೊಳೆ ಬೊಡ್ಡೆಯತ್ತ ಇಳಿಯುತ್ತಿದೆ. ತಡೆಯಲಾಗಲಿಲ್ಲ. ತೊಗಟೆ ಸಿಗಿಯದಿರಲೆಂದು ಮೊದಲು ಕೆಳಗಿನಿಂದ ಕಚ್ಚು ಹಾಕಿದಳು. ತುಸು ಆಚೆ ಮೇಲಿನಿಂದ ಕೊಯ್ದು ಭಾರ ಇಳಿಸಿದಳು. ಕೊನೆಗೆ ಉಳಿದ ಮೋಟನ್ನು, ಕೊಂಬೆಯ ಬುಡದ ಉಬ್ಬಿಗೆ ಪೆಟ್ಟಾಗದಂತೆ ತೆಗೆದಳು. ಗರಗಸ ಒರೆಸುವಷ್ಟರಲ್ಲಿ ಕಾವಲಿನವರು ಹಿಡಿದರು.

"ಅವ್ವನ ಮರದ ತೋಳು ಕಡಿದೆಯಲ್ಲೇ!" ಎಂದ ನಾಯಕ ಅವಳ ಕಾಲಿಗೆ ಸರಪಳಿ ಹಾಕಿಸಿ ಅದೇ ಬೊಡ್ಡೆಗೆ ಬಿಗಿಸಿದ. "ಚಿಗುರುವ ಕಾಲಕ್ಕೆ ಬರುತ್ತೇನೆ. ಮರ ಸತ್ತಿದ್ದರೆ ನೀನೂ ಉಳಿಯುವುದಿಲ್ಲ."

ಸರಪಳಿ ಐದು ಹೆಜ್ಜೆಯದು. ನೆರಳು ಸರಿದಂತೆ ಅವಳೂ ಸರಿಯುವಳು. ಆರನೆಯ ಹೆಜ್ಜೆಗೆ ಕಾಲು ಜಗ್ಗುತ್ತಿತ್ತು. ಏರಿಯ ಮೇಲೆ ನೀರಿಗೆ ಹೋಗುವ ಹೆಂಗಸರು ಮುಖ ತಿರುಗಿಸುತ್ತಿದ್ದರು. ಕಾವಲುಗಾರ ಮರದ ಗಾಯಕ್ಕೆ ಸಗಣಿ ಮೆತ್ತಲು ಬಂದಾಗ ಅಡ್ಡ ನಿಂತಳು. "ಬೇಡ ಕಣಣ್ಣ, ಗಾಳಿಯಾಡಲಿ. ತನ್ನ ಗಾಯ ಅದೇ ಮುಚ್ಚಿಕೊಳ್ಳುತ್ತೆ." ಆದರೆ ಎಲೆಗಳು ಉದುರತೊಡಗಿದವು. ವರ್ಷವರ್ಷವೂ ಉದುರುತ್ತವೆಂದು ಬಲ್ಲವಳಿಗೂ, ಮರ ಪೂರಾ ಬೋಳಾದ ದಿನ ತುತ್ತು ಇಳಿಯಲಿಲ್ಲ. ನನ್ನ ಕೈಯೇ ತಪ್ಪಿತೇ ಎಂದು ಕುಳಿತಲ್ಲೇ ಕುದಿದಳು.

ನಾಯಕ ಬಂದಾಗ ಒಂದು ಚಿಗುರೂ ಇರಲಿಲ್ಲ. ಕತ್ತಿ ಹಿಡಿದವನೊಬ್ಬ ಜೊತೆಗಿದ್ದ.

"ಮೇಲೆ ನೋಡಬೇಡಿ ಒಡೆಯಾ, ಇಲ್ಲಿ ಮುಟ್ಟಿ ನೋಡಿ" ಎಂದಳು ಕೆಂಗಮ್ಮ.

ನಾಯಕ ಗಾಯದ ಅಂಚಿಗೆ ಬೆರಳಿಟ್ಟ. ಸುತ್ತಲೂ ಹಸಿ ತೊಗಟೆ ರಾಗಿಕಾಳಿನಷ್ಟು ದಪ್ಪಕ್ಕೆ ಉಬ್ಬಿ ಒಳಮುಖವಾಗಿ ಹೊರಳುತ್ತಿತ್ತು. ಸತ್ತ ಮರಕ್ಕೆ ಹೊಸ ತೊಗಟೆ ಬರುವುದಿಲ್ಲ. ಅವನು ಬಹಳ ಹೊತ್ತು ಕೈ ತೆಗೆಯಲಿಲ್ಲವಂತೆ. ಆಮೇಲೆ ತಾನೇ ಮಂಡಿಯೂರಿ ಸರಪಳಿಯ ಕೀಲು ಕಳಚಿದ.

ಕೆಂಗಮ್ಮ ಮನೆಯ ದಾರಿ ಹಿಡಿಯಲಿಲ್ಲ. "ನನ್ನ ಗರಗಸ ಕೊಡಿಸಿ ಒಡೆಯಾ. ಮೇಲೆ ಇನ್ನೊಂದು ಕೊಂಬೆ ಕೊಳೆತಿದೆ. ಎರಡು ತಿಂಗಳಿಂದ ನೋಡುತ್ತಲೇ ಇದ್ದೇನೆ, ಕೈಗೆ ಎಟುಕಲಿಲ್ಲ." ಅವಳು ಮರ ಹತ್ತಿದಾಗ ಕೆಳಗೆ ಹಗ್ಗ ಹಿಡಿದು ನಿಂತವನು ನಾಯಕನೇ ಎನ್ನುತ್ತಾರೆ.

ಇಂದು ಅಲ್ಲಿಗೆ ಹೋದವರಿಗೆ ಬೊಡ್ಡೆಯ ಮೇಲೆ ಎರಡು ದುಂಡನೆಯ ಗುರುತುಗಳು ಕಾಣುತ್ತವೆ. ಒಂದು ಎದೆಯೆತ್ತರದಲ್ಲಿ, ಇನ್ನೊಂದು ಎರಡಾಳೆತ್ತರದಲ್ಲಿ. ಎರಡನ್ನೂ ತೊಗಟೆ ಪೂರ್ತಿಯಾಗಿ ಮುಚ್ಚಿಕೊಂಡಿದೆ. ಉಗುರು ತೂರಿಸುವಷ್ಟು ಸಂದೂ ಇಲ್ಲ.