ನಾಲ್ಕು ಸೌಟು ಹೆಪ್ಪು

ತುಂಗಭದ್ರೆಯ ದಂಡೆಯಲ್ಲಿ ಮೋನಯ್ಯನವರ ಆಶ್ರಮ. ಅಂಥದು ಮೂರು ಲೋಕದಲ್ಲಿ ಇನ್ನೊಂದಿರಲಿಲ್ಲ. ನಾಲ್ಕನೆಯ ಲೋಕ ಇದ್ದಿದ್ದರೆ ಅಲ್ಲೂ ಇರುತ್ತಿರಲಿಲ್ಲ.

ಬೇರೆ ಆಶ್ರಮಗಳಲ್ಲಿ ಮೋಕ್ಷದ ದಾರಿ ಹೇಳಿಕೊಡುತ್ತಿದ್ದರು. ಇಲ್ಲಿ ಹೇಳಿಕೊಡುತ್ತಿದ್ದದ್ದು ವ್ಯಾಪಾರದ ಗಣಿತ. ನಾಳೆ ಅಂಗಡಿಯ ಗದ್ದುಗೆ ಏರಬೇಕಾದ ಮಕ್ಕಳನ್ನು ಸುತ್ತಲಿನ ಪೇಟೆಯ ಸೆಟ್ಟರು ತಂದು ಇಲ್ಲಿ ಬಿಡುತ್ತಿದ್ದರು. ಪಾಲು, ಬಡ್ಡಿ, ಲಾಭ, ನಷ್ಟ, ಸರಾಸರಿ, ಎಲ್ಲವನ್ನೂ ಹೊಳೆಯ ಮರಳಿನ ಮೇಲೆ ಬೆರಳಲ್ಲಿ ಬರೆದೇ ಕಲಿಯಬೇಕು.

ಪಾಠ ಎಷ್ಟು ಗಟ್ಟಿಯೆಂದರೆ, ಮರದ ಮೇಲೆ ಕೂತು ಕೇಳಿದ ಕೋತಿಗಳು ಬಾಳೆಗೊನೆಯನ್ನು ಶೇಷ ಉಳಿಯದಂತೆ ಭಾಗ ಮಾಡಿ ತಿನ್ನುತ್ತಿದ್ದವು. ಅಪ್ಪಿತಪ್ಪಿ ಒಂದು ಹಣ್ಣು ಉಳಿದರೆ, ಅದನ್ನು ಗುರುಗಳ ಮುಂದೆ ತಂದಿಟ್ಟು, ತಪ್ಪೆಲ್ಲಾಯಿತು ಎಂಬಂತೆ ಮುಖ ನೋಡುತ್ತಿದ್ದವು. ನಂಬಿಕೆಯಿಲ್ಲದವರು ಆ ಕೋತಿಗಳನ್ನೇ ಕೇಳಬಹುದು.

ಇಂಥ ಜಾಗದಲ್ಲಿ ಮೂರು ವರ್ಷದಿಂದ ಕಲಿಯುತ್ತಿದ್ದವನು ಪಂಪಣ್ಣ. ಒಂದು ಮುಂಜಾನೆ ಅವನಿಗೆ ತ್ರೈರಾಶಿಕ ಅರ್ಥವಾಯಿತು.

ಅರ್ಥವಾಯಿತು ಅಂದರೆ ಸಾಮಾನ್ಯವಾಗಿ ಅಲ್ಲ. ಕೂತಲ್ಲಿಂದ ಒಂದಾಳೆತ್ತರ ನೆಗೆದ. ಕೆಳಗೆ ಬರುವಷ್ಟರಲ್ಲಿ ಗಾಳಿಯಲ್ಲೇ ಇನ್ನೆರಡು ಲೆಕ್ಕ ಬಿಡಿಸಿ ಮುಗಿಸಿದ್ದ.

“ಗುರುಗಳೇ! ಮೂರು ಗೊತ್ತಿದ್ದರೆ ಸಾಕು, ನಾಲ್ಕನೆಯದು ತಾನಾಗಿ ಬಂದು ಕೈಗೆ ಸಿಗುತ್ತೆ!”

“ಹೌದಾ? ಹೇಗೆ?”

“ಒಂದು ಸೇರು ಬೆಲ್ಲದ ಬೆಲೆ ಗೊತ್ತಾದರೆ ಏಳು ಸೇರಿನದೂ ಗೊತ್ತಾಯಿತು. ಒಬ್ಬ ಆಳು ಹತ್ತು ದಿನ ಕಟ್ಟುವ ಗೋಡೆಯನ್ನು ಹತ್ತು ಆಳು ಸೇರಿದರೆ ಒಂದೇ ದಿನಕ್ಕೆ ಕಟ್ಟಿ ಬಿಸಾಕ್ತಾರೆ. ಇದಕ್ಕಿಂತ ದೊಡ್ಡ ಮಂತ್ರ ಉಂಟೇ?”

“ದೊಡ್ಡದೇ,” ಅಂದರು ಮೋನಯ್ಯನವರು. “ಕೈ ತೊಳೆದುಕೋ, ಮರಳು ಮೆತ್ತಿದೆ.”

ಅವತ್ತಿನಿಂದ ಪಂಪಣ್ಣನನ್ನು ಹಿಡಿಯುವವರೇ ಇಲ್ಲ. ಅಕ್ಕಿ ಅಳೆದರೂ ತ್ರೈರಾಶಿಕ, ಸೌದೆ ಒಡೆದರೂ ತ್ರೈರಾಶಿಕ. ಮೆಣಸಿನಕಾಯಿ ಎಷ್ಟು ಅಂದರೆ ಅಷ್ಟೇ, ಉಪ್ಪು ಎಷ್ಟು ಅಂದರೆ ಅಷ್ಟೇ. ಅವನು ಬೇಯಿಸಿದ ಬೇಳೆಯಲ್ಲಿ ಕಾಳುಗಳು ಸಾಲಾಗಿ ನಿಂತಿರುತ್ತಿದ್ದವಂತೆ.

ಒಂದು ಬೆಳಗ್ಗೆ ಗುರುಗಳಿಗೆ ಅಡ್ಡಬಿದ್ದವನು ಏಳಲೇ ಇಲ್ಲ. ಎದ್ದಂತೆ ಮಾಡುವುದು, ಮತ್ತೆ ಬೀಳುವುದು.

“ಏನಪ್ಪಾ ಇದು?”

“ಒಂದು ನಮಸ್ಕಾರಕ್ಕೆ ಒಂದು ಆಶೀರ್ವಾದ, ಗುರುಗಳೇ. ಹಾಗಾದರೆ ನೂರಕ್ಕೆ...”

“ಸಾಕು ಮಾರಾಯ, ನೆಲ ಸವೆಯುತ್ತೆ.”

ಅವನ ಹಣೆ ಬೋರೆಹಣ್ಣಿನಷ್ಟು ಊದಿತ್ತು. ಆದರೂ ನಗುತ್ತಿದ್ದ.

ಅವಸರಕ್ಕೆ ಕಾರಣ ಇತ್ತು. ಅಪ್ಪ ತೀರಿಕೊಂಡ ಮೇಲೆ ಅಂಗಡಿಯ ಬೀಗದ ಕೈಯನ್ನು ಸೋದರತ್ತೆ ಹಂಪಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡು ಅವನಿಗಾಗಿ ಕಾಯುತ್ತಿದ್ದಳು. ಈ ದೀಪಾವಳಿಯ ಲಕ್ಷ್ಮೀಪೂಜೆಗೆ ಹುಡುಗ ಗುರುವಿನ ಅಪ್ಪಣೆ ಪಡೆದು ಬಂದರೆ ಗದ್ದುಗೆ ಅವನದು, ಬಾರದಿದ್ದರೆ ದಾಯಾದಿ ಚಿಕ್ಕಪ್ಪನದು ಎಂದು ಪೇಟೆಯ ಹಿರಿಯರು ತೀರ್ಮಾನಿಸಿದ್ದರು. ಚಿಕ್ಕಪ್ಪ ಆಗಲೇ ಗದ್ದುಗೆಗೆ ಹೊಸ ದಿಂಬು ಹೊಲಿಸಿ ಇಟ್ಟುಕೊಂಡಿದ್ದ.

ಹಬ್ಬಕ್ಕೆ ಮೊದಲು ಆ ಕಡೆ ಹೋಗುವ ಗಾಡಿಗಳೆಂದರೆ ವರ್ತಕ ಮರಿಸೆಟ್ಟರವು ಮಾತ್ರ.

“ಗುರುಗಳೇ, ಮರಿಸೆಟ್ಟರ ಜೊತೆ ಹೊರಡಲು ಅಪ್ಪಣೆ ಕೊಡಿ.”

“ಪರೀಕ್ಷೆ ಆಗಲಿ.”

ಆಶ್ರಮದಲ್ಲೊಂದು ಪದ್ಧತಿ ಇತ್ತು. ಹೊರಡುವ ಶಿಷ್ಯನ ಪರೀಕ್ಷೆ ಮರಳಿನ ಮೇಲಲ್ಲ, ಊಟದ ಎಲೆಯ ಮೇಲೆ. ದಾರಿಯಲ್ಲಿ ಬಂದ ವರ್ತಕರಿಗೆ ಅವನೊಬ್ಬನೇ ನಿಂತು ಒಂದು ಹೊತ್ತಿನ ಊಟ ಹಾಕಬೇಕು. ಒಂದು ಎಲೆಗೂ ಕಡಿಮೆ ಬೀಳಬಾರದು, ಒಂದು ಎಲೆಯಲ್ಲೂ ಅಗುಳು ಉಳಿಯಬಾರದು.

“ನಾಳೆ ಮಧ್ಯಾಹ್ನ ಮರಿಸೆಟ್ಟರು ಬರುತ್ತಾರೆ,” ಅಂದರು ಗುರುಗಳು. “ಬಿಸಿಲಲ್ಲಿ ಬಂದಿರುತ್ತಾರೆ, ಮೊಸರನ್ನ ಉಣ್ಣಿಸು. ಅವರು ಎದ್ದ ಮೇಲೆ ಎಲೆ ನೋಡಿ ಹೇಳುತ್ತೇನೆ.”

ಮೊಸರನ್ನ! ಪಂಪಣ್ಣನಿಗೆ ನಗು ತಡೆಯಲಾಗಲಿಲ್ಲ. ಇಷ್ಟೇನಾ? ಮನಸ್ಸಿನಲ್ಲಿ ಆಗಲೇ ಗದ್ದುಗೆಯ ಮೇಲೆ ಕೂತು ಕಾಲು ಮಡಚಿ ಆಗಿತ್ತು. ಸಂಜೆಗೆ ಹಾಲು ಕಾಯಿಸಿ ಹೆಪ್ಪು ಹಾಕಿದರೆ ಬೆಳಗಾಗುವಷ್ಟರಲ್ಲಿ ಮೊಸರು. ಎಷ್ಟು ಜನ, ಎಷ್ಟು ಸೇರು, ಎಷ್ಟು ಸಾಸಿವೆ ಅಂತ ಹೊಳೆಯ ದಂಡೆಯಲ್ಲಿ ಬರೆಯುತ್ತಾ ಹೋದ. ಬರೆದ, ಅಳಿಸಿದ, ಮತ್ತೆ ಬರೆದ. ಶುಂಠಿಯ ಚೂರಿಗೂ ಲೆಕ್ಕ ಹಾಕಿದ. ಆ ಖುಷಿಯಲ್ಲಿ ಮರಳಿನ ಮೇಲೆಯೇ ನಿದ್ದೆ ಹೋದ.

ಹೆಪ್ಪು ಹಾಕುವುದೊಂದು ಮರೆತುಹೋಯಿತು.

ಬೆಳಗ್ಗೆ ಜೊತೆಗಾರ ಕೊಟ್ರ ಬಂದು ಅಲುಗಾಡಿಸಿದ.

“ಲೋ ಪಂಪಾ, ಏಳೋ! ಮರಿಸೆಟ್ಟರ ಗಾಡಿಗಳು ಆಚೆ ದಂಡೆಗೆ ಬಂದವು. ಹರಿಗೋಲಿನಲ್ಲಿ ಒಂದೊಂದೇ ದಾಟಿ ಮಧ್ಯಾಹ್ನಕ್ಕೆ ಇಲ್ಲಿರುತ್ತಾರೆ. ಎಲ್ಲಿ ನಿನ್ನ ಮೊಸರು?”

ಪಂಪಣ್ಣ ಅಡುಗೆಮನೆಗೆ ಓಡಿದ. ಹಂಡೆ ತುಂಬ ಹಾಲು, ಹಾಲಾಗಿಯೇ ಇತ್ತು.

“ಮುಗೀತು ಬಿಡು,” ಅಂದ ಕೊಟ್ರ. “ಗುರುಗಳಿಗೆ ನಿಜ ಹೇಳು. ಸಾರು ಮಾಡೋಣ.”

“ಕೈಯಲ್ಲಿ ಮಂತ್ರ ಇಟ್ಟುಕೊಂಡು ಸಾರು ಮಾಡ್ತಾರೇನೋ?”

“ಯಾವ ಮಂತ್ರ?”

ಪಂಪಣ್ಣನ ಕಣ್ಣು ಹೊಳೆಯುತ್ತಿತ್ತು. “ಒಂದು ಸೌಟು ಹೆಪ್ಪಿಗೆ ರಾತ್ರಿಯ ನಾಲ್ಕು ಜಾವ ಬೇಕು. ನಾಲ್ಕು ಸೌಟು ಹಾಕಿದರೆ?”

“ಒಂದು ಜಾವ,” ಅಂದ ಕೊಟ್ರ. ಅಂದ ಮೇಲೆ ಹಂಡೆಯನ್ನೊಮ್ಮೆ, ಅವನನ್ನೊಮ್ಮೆ ನೋಡಿದ. “ಆದರೆ ಪಂಪಾ...”

ಪಂಪಣ್ಣ ಕೇಳಿಸಿಕೊಳ್ಳಲು ಅಲ್ಲಿರಲಿಲ್ಲ. ಗುರುಗಳು ತಲೆಗೆ ಹಚ್ಚಿಕೊಳ್ಳಲು ಇಟ್ಟಿದ್ದ ಹಳೆಯ ಹುಳಿ ಮೊಸರಿನ ಕುಡಿಕೆಯನ್ನು ಆಗಲೇ ಎತ್ತಿ ತಂದಿದ್ದ. ಹಾಲು ಬೆಚ್ಚಗೆ ಮಾಡಿ ನಾಲ್ಕು ಸೌಟು ಸುರಿದ. ಗುರುಗಳ ಮೇಲಿನ ಗೌರವಕ್ಕೆ ಇನ್ನೊಂದು ಸೌಟು ಸೇರಿಸಿದ. ಆಮೇಲೆ ಗಳಿಗೆಗೊಮ್ಮೆ ಮುಚ್ಚಳ ತೆಗೆದು, ಸೌಟಿನಲ್ಲಿ ಕಲಕಿ, “ಆಯಿತಾ? ಆಯಿತಾ?” ಅಂತ ಕೇಳಿದ.

ಮಧ್ಯಾಹ್ನಕ್ಕೆ ಹಂಡೆಯಲ್ಲಿ ಏನೋ ಒಂದು ಆಗಿತ್ತು. ಹಾಲಲ್ಲ. ಮೊಸರೂ ಅಲ್ಲ. ಮೇಲೆ ನೀರು, ಕೆಳಗೆ ಬೂದಿಯಂತೆ ಚೂರು ಚೂರು.

“ಒಂದು ಜಾವ ಕಳೆದಿದೆ,” ಅಂದ ಪಂಪಣ್ಣ. “ಆದ್ದರಿಂದ ಇದು ಮೊಸರು.”

ಎಲೆ ಹಾಕಿ, ಅದನ್ನೇ ಅನ್ನಕ್ಕೆ ಕಲಸಿ ಬಡಿಸಿದ. ಮರಿಸೆಟ್ಟರು ಮೊದಲ ತುತ್ತು ಬಾಯಿಗಿಟ್ಟರು.

ಅವರ ಎಡಗಣ್ಣು ಮುಚ್ಚಿಕೊಂಡಿತು. ಬಲಗಣ್ಣು ಅದನ್ನು ಹುಡುಕಿಕೊಂಡು ಹೊರಟಿತು. ಸಾಲಿನ ಕೊನೆಯಲ್ಲಿದ್ದ ಗಾಡಿಯವನ ಮೀಸೆ ತಿರುವಿದ್ದು ಬಿಚ್ಚಿಕೊಂಡು ಕೆಳಗೆ ಜೋತುಬಿತ್ತು. ಉಳಿದ ಅನ್ನ ಹಾಕಿದಾಗ ಎತ್ತುಗಳು ಮೂಸಿ ನೋಡಿ, ಬಂದ ದಾರಿಗೆ ತಿರುಗಿ ನಿಂತವು.

“ತಮ್ಮಾ,” ಅಂದರು ಮರಿಸೆಟ್ಟರು, ಮಾತು ಬಂದ ಮೇಲೆ. “ಇದು ಮೊಸರೋ, ಹುಣಸೆಹಣ್ಣಿನ ತವರುಮನೆಯೋ?”

ಎಲ್ಲರೂ ನಕ್ಕರು. ಎಲೆಗಳು ತುಂಬಿದ್ದ ಹಾಗೆಯೇ ಇದ್ದವು. ಒಂದು ಎಲೆ ಮಾತ್ರ ಖಾಲಿಯಾಗಿತ್ತು. ಮೋನಯ್ಯನವರು ತಮ್ಮ ಎಲೆಯನ್ನು ಒಂದಗುಳೂ ಬಿಡದೆ ಉಂಡು, ಕೈ ತೊಳೆಯಲು ಹೊಳೆಯ ಕಡೆ ನಡೆದಿದ್ದರು.

ಪಂಪಣ್ಣ ಹಿಂದೆಯೇ ಓಡಿದ.

“ಲೆಕ್ಕ ಸರಿಯಾಗಿತ್ತು, ಗುರುಗಳೇ!”

“ಸರಿಯಾಗಿಯೇ ಇತ್ತು.”

“ಮರಳಿನ ಮೇಲೆ ಮತ್ತೆ ಬರೆದು ತೋರಿಸಲೇ?”

“ಬೇಡ. ನಾನೂ ಮನಸ್ಸಿನಲ್ಲಿ ಮಾಡಿ ನೋಡಿದೆ. ಒಂದೇ ಜಾವ ಬಂತು.”

“ಹಾಗಾದರೆ ತಪ್ಪಿದವರು ಯಾರು?”

“ಹಾಲು ಇರಬೇಕು,” ಅಂದರು ಗುರುಗಳು. “ಅದು ನನ್ನ ಹತ್ತಿರ ಓದಿಲ್ಲ.”

ಪಂಪಣ್ಣನ ಅತ್ತೆಯ ಸೊಂಟದ ಬೀಗದ ಕೈ ಕಣ್ಣ ಮುಂದೆ ಬಂತು. ಪಕ್ಕದಲ್ಲೇ ಚಿಕ್ಕಪ್ಪನ ಹೊಸ ದಿಂಬು.

“ಹಾಗಾದರೆ ನನಗೆ ಅಪ್ಪಣೆ ಇಲ್ಲ.”

ಸಂಜೆಯಾದ ಮೇಲೆ ಗುರುಗಳು ಅಡುಗೆಮನೆಗೆ ಹೋದರು. ಆಗಷ್ಟೇ ಕರೆದ ಹಾಲು ಕಾಯಿಸಿ, ಆರಿಸಿ, ಒಂದು ಮಣ್ಣಿನ ಗಡಿಗೆಗೆ ಹೊಯ್ದರು. ಒಂದು ಚೂರು ಹೆಪ್ಪು ಹಾಕಿದರು. ಬಾಯಿಗೆ ಬಟ್ಟೆ ಕಟ್ಟಿ ಪಂಪಣ್ಣನ ಮುಂದೆ ಇಟ್ಟರು.

“ಮರಿಸೆಟ್ಟರು ಸೂರ್ಯ ಹುಟ್ಟುವಾಗ ಗಾಡಿ ಕಟ್ಟುತ್ತಾರೆ. ಅಷ್ಟರಲ್ಲಿ ಇದು ಮೊಸರಾದರೆ ತೆಗೆದುಕೊಂಡು ಬಾ.”

“ನಾನೇನು ಮಾಡಬೇಕು?”

“ಏನೂ ಮಾಡಬೇಡ.”

“ಏನೂ ಮಾಡದೆ ಇರೋದು ಹೇಗೆ, ಗುರುಗಳೇ?”

“ಅದಕ್ಕೆ ಸೂತ್ರ ಇಲ್ಲ. ಕೂತು ನೋಡು.”

ಪಂಪಣ್ಣ ಕೂತ. ಕೈ ತಾನಾಗಿ ಬಟ್ಟೆಯ ಗಂಟಿನ ಕಡೆ ಹೋಯಿತು. ಎಳೆದುಕೊಂಡ. ಮತ್ತೆ ಹೋಯಿತು. ಕೊನೆಗೆ ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು, ಅವುಗಳ ಮೇಲೆ ತಾನೇ ಕೂತ.

ಮೈಯೆಲ್ಲ ತಹತಹ. ಗಡಿಗೆಯೊಳಗೆ ಏನೋ ನಡೆಯುತ್ತಿತ್ತು, ಅವನನ್ನು ಕೇಳದೆ ನಡೆಯುತ್ತಿತ್ತು. ಹೊಳೆಯ ಸದ್ದಿನಲ್ಲೂ ಅದೇ ಕೇಳಿದಂತಾಗುತ್ತಿತ್ತು. ಅಂಥ ರೋಮಾಂಚನ ಅವನಿಗೆ ಬಡ್ಡಿಯ ಲೆಕ್ಕದಲ್ಲೂ ಆಗಿರಲಿಲ್ಲ.

ಮಲಗಲು ಹೋಗುತ್ತಿದ್ದ ಕೊಟ್ರ ಬಾಗಿಲಲ್ಲಿ ನಿಂತು ಹಲ್ಲು ಕಿರಿದ.

“ಪಂಪಾ, ನಾನೂ ಬಂದು ಪಕ್ಕದಲ್ಲಿ ಕೂರಲೇ? ಇಬ್ಬರು ಕಾದರೆ ಅರ್ಧ ಹೊತ್ತಿಗೆ ಆಗುತ್ತೆ.”

“ಹೌದಲ್ಲ, ಅರ್ಧ...” ಅಂದ ಪಂಪಣ್ಣ. ಮಾತು ಅಲ್ಲಿಗೇ ನಿಂತಿತು. ಕೊಟ್ರನನ್ನು ನೋಡಿದ, ಗಡಿಗೆಯನ್ನು ನೋಡಿದ. ಹೊಟ್ಟೆಯ ಆಳದಿಂದ ನಗು ಉಕ್ಕಿ ಬಂತು. ನಕ್ಕರೆ ಗಡಿಗೆ ಅಲುಗಾಡೀತು ಅಂತ ಸೆರಗಿನಷ್ಟು ಉದ್ದದ ಉತ್ತರೀಯವನ್ನು ಪೂರ್ತಿ ಬಾಯಿಗೆ ತುರುಕಿಕೊಂಡು ನಕ್ಕ. ಕಣ್ಣಲ್ಲಿ ನೀರು ಬರುವವರೆಗೂ ನಕ್ಕ.

ಬೆಳಗಾಯಿತು. ಹೊರಗೆ ಎತ್ತುಗಳ ಕೊರಳ ಗಂಟೆ ಕೇಳಿಸಿತು.

ಪಂಪಣ್ಣ ಬಟ್ಟೆ ಬಿಚ್ಚಿದ. ಮೊಸರು ಎಷ್ಟು ಗಟ್ಟಿಯಾಗಿತ್ತೆಂದರೆ, ಮೇಲೆ ಬಂದು ಕೂತ ನೊಣ ಕಾಲು ಜಾರಿ ಬಿತ್ತು, ಎದ್ದು ಮೈ ಒದರಿಕೊಂಡು ಮತ್ತೆ ಜಾರಿತು.

ಒಂದಾಳೆತ್ತರ ನೆಗೆಯಬೇಕು ಅನಿಸಿತು. ಕೈಯಲ್ಲಿ ಗಡಿಗೆ ಇತ್ತು. ನೆಗೆಯಲಿಲ್ಲ. ಒಂದೊಂದೇ ಹೆಜ್ಜೆ ಇಟ್ಟು ಗುರುಗಳ ಹತ್ತಿರ ಬಂದ.

ಮರಿಸೆಟ್ಟರು ನಡೆದು ಬಂದು ಬೆರಳ ತುದಿಯಲ್ಲಿ ಸ್ವಲ್ಪ ತೆಗೆದು, ಹೆದರುತ್ತಲೇ ನಾಲಿಗೆಗೆ ಮುಟ್ಟಿಸಿದರು. ನಿನ್ನೆಯಿಂದ ಮುಚ್ಚಿದ್ದ ಎಡಗಣ್ಣು ಮೆಲ್ಲಗೆ ತೆರೆಯಿತು.

“ಪಂಪಣ್ಣಾ,” ಅಂದರು ಮೋನಯ್ಯನವರು. “ಒಂದೇ ಒಂದು ಲೆಕ್ಕ. ಒಬ್ಬ ಗುರುವಿಗೆ ಒಬ್ಬ ಶಿಷ್ಯನನ್ನು ತಯಾರು ಮಾಡಲು ಮೂರು ವರ್ಷ ಬೇಕಾಯಿತು. ಮೂವರು ಗುರುಗಳು ಇದ್ದಿದ್ದರೆ?”

ಉತ್ತರ ನಾಲಿಗೆಯ ತುದಿಗೆ ಬಂದು ಕೂತಿತು. ಕೊಟ್ರ ಉಸಿರು ಬಿಗಿಹಿಡಿದ. ಮರದ ಮೇಲಿನ ಕೋತಿಗಳು ಆಗಲೇ ಒಂದು ಬೆರಳು ಎತ್ತಿ ತೋರಿಸುತ್ತಿದ್ದವು.

ಪಂಪಣ್ಣ ಕೈಯಲ್ಲಿದ್ದ ಗಡಿಗೆಯನ್ನು ನೋಡಿದ.

“ಯಾವ ಶಿಷ್ಯ, ಗುರುಗಳೇ?” ಅಂತ ಕೇಳಿದ. “ಅವನನ್ನೊಮ್ಮೆ ನೋಡದೆ ಹೇಗೆ ಹೇಳಲಿ?”

ಗುರುಗಳು ಅವನ ಹಣೆಯ ಮೇಲೆ ಇನ್ನೂ ಇಳಿಯದಿದ್ದ ಊತವನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದರು.

ಮರಿಸೆಟ್ಟರಿಗೆ ಹೊತ್ತಾಗುತ್ತಿತ್ತು. “ಬಿಸಿಲೇರುತ್ತೆ, ಅಯ್ಯನವರೇ. ಏನು ಮಾಡಲಿ? ಗಾಡಿಯಲ್ಲಿ ಜಾಗ ಬಿಡಲೋ, ಬೇಡವೋ?”

“ಬಿಡಿ, ಸೆಟ್ಟರೇ,” ಅಂದರು ಮೋನಯ್ಯನವರು. “ಈಗ ತಾನೇ ಹೆಪ್ಪು ಹಿಡಿದಿದೆ. ದಾರಿಯಲ್ಲಿ ಕುಲುಕಬೇಡಿ.”