ಓಗೊಟ್ಟ ಗೊಂಬೆ

"ಗುರುಗಳೇ, ಬರೆಯುವ ಕೆಲಸವನ್ನೆಲ್ಲ ಯಂತ್ರ ನುಂಗುತ್ತಿದೆ. ಕೈಕೆಲಸ ಮಾತ್ರ ಅದರ ಬಾಯಿಗೆ ಬೀಳುವುದಿಲ್ಲ ಎನ್ನುತ್ತಾರೆ. ನಾನೂ ಲೇಖನಿ ಬಿಸಾಡಿ, ನಲ್ಲಿ ಕೂಡಿಸುವುದನ್ನೋ ಗಾರೆ ಕೆಲಸವನ್ನೋ ಕಲಿತರೆ ಉಳಿದುಕೊಳ್ಳುತ್ತೇನೆಯೇ?"

ಕೇಳಿದವನು ಮರುಳಯ್ಯ. ವಕೀಲರೊಬ್ಬರ ಕಚೇರಿಯಲ್ಲಿ ಕರಾರುಪತ್ರ ಬರೆಯುತ್ತಿದ್ದವನು. ಅವನ ಕುರ್ಚಿ ಈಗ ಖಾಲಿ. ಕರಾರುಪತ್ರಗಳು ಮಾತ್ರ ಮೊದಲಿಗಿಂತ ಬೇಗ ಹೊರಬರುತ್ತಿವೆ.

ಗುರುಗಳು ನಕ್ಕರು. "ಓಡುವುದಾದರೆ ಓಡು, ಬೇಡ ಎನ್ನುವುದಿಲ್ಲ. ಓಡುವ ಮೊದಲು ಒಂದು ಕತೆ ಕೇಳಿಕೊಂಡು ಹೋಗು. ನಡುವೆ ಬಾಯಿ ಹಾಕಬೇಡ" ಎಂದು ಹೇಳತೊಡಗಿದರು.

ಒಂದು ರಾಜ್ಯದಲ್ಲಿ ಒಬ್ಬ ಕರಣಿಕನಿದ್ದ. ರಾಜನ ಓಲೆಗಳನ್ನೆಲ್ಲ ಬರೆಯುವವನು ಅವನೇ. ಒಂದು ದಿನ ಅರಮನೆಗೆ ಮಾತಾಡುವ ಗೊಂಬೆ ಬಂತು. ಅದು ಕರಣಿಕನ ಎದುರು ಕೂತು, ಅವನು ಓದಿದ್ದನ್ನೆಲ್ಲ ಕೇಳಿಸಿಕೊಂಡು, ಅವನ ಹಾಗೆ ಯೋಚಿಸುವುದನ್ನು ಕಲಿಯಿತು. ಅವನ ದನಿಯಲ್ಲೇ ಮಾತಾಡುವುದನ್ನೂ ಕಲಿಯಿತು. ಕಲಿಸಿದವನು ಅವನೇ ತಾನೆ? ತನ್ನ ಕಾಲಿನ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡ. ಕಲಿಕೆ ಮುಗಿದ ಮೇಲೆ ರಾಜ ಅವನಿಗೆ ಶಾಲು ಹೊದಿಸಿ, ಅದೇ ದನಿಯ ಇನ್ನೊಂದು ಗೊಂಬೆಯನ್ನು ಉಡುಗೊರೆ ಕೊಟ್ಟು ಮನೆಗೆ ಕಳಿಸಿದ. ಹೇಗಿದೆ ಮರ್ಯಾದೆ!

ಕರಣಿಕನ ಹೆಂಡತಿ ಬಾವಿ ತೋಡುವವರ ಮನೆಯ ಮಗಳು. ಗಂಡ ಮೂಲೆ ಹಿಡಿದು ಕೂತದ್ದನ್ನು ಅವಳಿಂದ ನೋಡಲಾಗಲಿಲ್ಲ. "ಗುದ್ದಲಿ ಹಿಡಿಯಿರಿ. ಕೈ ಕೆಸರಾದರೆ ಬಾಯಿ ಮೊಸರು. ಗೊಂಬೆ ಬಂದು ಬಾವಿ ತೋಡುವುದಿಲ್ಲ" ಎಂದಳು. ಅವನು ಹಿಡಿದ. ಅಂಗೈಯಲ್ಲಿ ಬೊಬ್ಬೆ ಬಂತು, ಒಡೆಯಿತು, ಗಟ್ಟಿಯಾಯಿತು. ವರ್ಷ ತಿರುಗುವುದರೊಳಗೆ ಒಳ್ಳೆಯ ಕೆಲಸಗಾರನಾದ. ಸದ್ಯ, ಗಂಡ ಉಳಿದುಕೊಂಡ ಎಂದು ಅವಳು ದೇವರಿಗೆ ಕೈ ಮುಗಿದಳು.

ಬಾವಿಯವರಲ್ಲಿ ಒಂದು ಕಟ್ಟಳೆ ಇದೆ. ಆಳದಲ್ಲಿ ಒಮ್ಮೊಮ್ಮೆ ಕೆಟ್ಟ ಗಾಳಿ ಇರುತ್ತದೆ. ಅದಕ್ಕೆ ವಾಸನೆಯಿಲ್ಲ, ಸದ್ದಿಲ್ಲ. ಉಸಿರಾಡುತ್ತಿರುವಾಗಲೇ ಆಳು ಬಿದ್ದುಹೋಗುತ್ತಾನೆ. ಅದಕ್ಕೇ ಇಳಿದವನ ಸೊಂಟಕ್ಕೆ ಹಗ್ಗ ಕಟ್ಟಿ, ಅದನ್ನು ರಾಟೆಯ ಮೇಲೆ ಹಾಯಿಸಿ, ಎತ್ತಿಗೆ ಹೂಡಿರುತ್ತಾರೆ. ಮೇಲಿದ್ದವರು ಆಗಾಗ "ಇದ್ದೀಯಾ?" ಎಂದು ಕೂಗಬೇಕು. ಕೆಳಗಿದ್ದವನು "ಇದ್ದೀನಿ" ಎನ್ನಬೇಕು. ಓಗೊಡದಿದ್ದರೆ ಹಿಂದೆಮುಂದೆ ನೋಡದೆ ಎತ್ತು ಹೊಡೆಯಬೇಕು. ಅಷ್ಟೇ.

ಮೇಲೆ ನಿಂತು ಕೂಗುವವಳು ಹೆಂಡತಿಯೇ. ಕರಣಿಕನಿಗೆ ಈ ಕೂಗಾಟವೆಂದರೆ ಆಗದು. "ಅಗೆಯುವುದು ಕೆಲಸ ಕಣೇ. ಇದ್ದೀನಿ, ಇದ್ದೀನಿ ಅನ್ನುವುದೂ ಒಂದು ಕೆಲಸವೇನೇ?" ಎಂದು ರೇಗುತ್ತಿದ್ದ. ಅವಳು ಬಿಡುತ್ತಿರಲಿಲ್ಲ. ಆ ಒಂದು ಮಾತಿನ ಮೇಲೆ ತನ್ನ ತಾಳಿ ನಿಂತಿದೆ ಎಂಬುದು ಅವಳಿಗೆ ಗೊತ್ತಿತ್ತು.

ಒಂದು ದಿನ ತಳದಲ್ಲಿ ಬಂಡೆ ಸಿಕ್ಕಿತು. ಉಳಿ ಸುತ್ತಿಗೆ ಇಳಿಸಿಕೊಳ್ಳುವ ಬುಟ್ಟಿಯಲ್ಲಿ ಅವನು ಬಟ್ಟೆ ಮುಚ್ಚಿ ಗೊಂಬೆಯನ್ನೂ ಇಟ್ಟುಕೊಂಡ. "ಅವಳು ಕರೆದಾಗಲೆಲ್ಲ ನನ್ನ ಹಾಗೆ ಓಗೊಡು. ಅವಳಿಗೆ ಗಾಬರಿಯಾಗಬಾರದು" ಎಂದು ಅದಕ್ಕೆ ಹೇಳಿದ. ಇದು ಅವಳಿಗೆ ತಿಳಿಯದು. ನಿನಗೆ ತಿಳಿದಿರಲಿ ಎಂದು ಹೇಳಿದೆ.

ಅವಳು ಕೂಗಿದಳು. "ಇದ್ದೀನಿ" ಎಂದಿತು ಬಾವಿ. ಉಳಿಯ ಸದ್ದೂ ಬರುತ್ತಿತ್ತು. ಮತ್ತೆ ಕೂಗಿದಳು, ಮತ್ತೆ ಅದೇ ಮಾತು. ಇವತ್ತು ಗೊಣಗಾಟವೇ ಇಲ್ಲವಲ್ಲ ಎಂದುಕೊಂಡಳು. ಬಿಸಿಲೇರಿದಾಗ ಉಳಿಯ ಸದ್ದು ನಿಂತಿತು. ಓಡಿ ಎತ್ತಿನ ಮೂಗುದಾರಕ್ಕೆ ಕೈ ಹಾಕಿದಳು.

"ಯಾಕ್ರೀ, ಸದ್ದೇ ಇಲ್ಲ?"

"ದಣಿವಾಯಿತು ಕಣೇ, ಕೂತಿದ್ದೀನಿ. ನೀನೂ ನೆರಳಿಗೆ ಕೂತುಕೋ."

ಅವಳು ಮೂಗುದಾರ ಬಿಟ್ಟಳು. ಅವಳಿಗೆ ನೆರಳಿದೆಯೋ ಬಿಸಿಲಿದೆಯೋ ಎಂದು ಅವನು ಹಿಂದೆಂದೂ ಕೇಳಿದವನಲ್ಲ. ಬಾವಿಯ ಅಂಚಿನ ಮರದ ಕೆಳಗೆ ಕೂತಳು. ಮಾತಿಗೆ ಮಾತು ಸೇರಿತು. ದನಿ ಅವಳ ತವರಿನ ಸುದ್ದಿ ಕೇಳಿತು. ಸತ್ತ ತಾಯಿಯನ್ನು ನೆನೆದು ಅವಳು ಅತ್ತಾಗ ಸಮಾಧಾನ ಹೇಳಿತು. ಮದುವೆಯಾದಂದಿನಿಂದ ಗಂಡ ಅವಳೊಡನೆ ಇಷ್ಟು ಹೊತ್ತು ಮಾತಾಡಿದ್ದೇ ಇಲ್ಲ. ದನಿ ಅವನದೇ. ಬಂಡೆ ಒಡೆದವನ ಏದುಸಿರು ಮಾತ್ರ ಅದರಲ್ಲಿ ಇರಲಿಲ್ಲ. ಅದು ಅವಳ ಕಿವಿಗೆ ಬಿತ್ತು, ಮನಸ್ಸಿಗೆ ಬೀಳಲಿಲ್ಲ. ಪಾಪ, ಆ ಮಧ್ಯಾಹ್ನ ಅವಳಿಗೆ ಅಷ್ಟು ಸುಖವಾಗಿತ್ತು.

ಹೊತ್ತು ಇಳಿಯಿತು. "ಇವತ್ತಿಗೆ ಸಾಕು, ಬನ್ನಿ" ಎಂದು ಎತ್ತು ಹೊಡೆದಳು. "ಬಂದೆ" ಎಂದಿತು ದನಿ. ಹಗ್ಗ ಬಿಗಿಯಿತು, ರಾಟೆ ಕಿರುಗುಟ್ಟಿತು. ಮೇಲೆ ಬರುತ್ತಿದ್ದವನ ಕೈ ಹಗ್ಗದ ಮೇಲೆ ಇರಲಿಲ್ಲ. ತಲೆ ಜೋತುಬಿದ್ದಿತ್ತು. ಅಂಚಿಗೆ ಎಳೆದುಕೊಂಡು ಮೈ ಮುಟ್ಟಿ ನೋಡಿದಳು. ಅದು ತಣ್ಣಗಾಗಿ ಎಷ್ಟೋ ಹೊತ್ತಾಗಿತ್ತು.

ಅವಳು ಕಿರುಚಿದಳು.

"ಯಾಕೇ, ಏನಾಯಿತು? ಹೆದರಬೇಡ, ನಾನಿದ್ದೀನಲ್ಲ" ಎಂದಿತು ಬಾವಿಯ ತಳದಿಂದ ಗಂಡನ ದನಿ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯ, "ಹಾಗಾದರೆ ಕೈಕೆಲಸವನ್ನೂ ಅದು ಬಿಡುವುದಿಲ್ಲವೇ, ಗುರುಗಳೇ?" ಎಂದ.

"ಗುದ್ದಲಿಯನ್ನು ಅದು ಮುಟ್ಟಲೂ ಇಲ್ಲವಲ್ಲೋ, ತಾನು ಬದುಕಿದ್ದೇನೆಂದು ಹೆಂಡತಿಗೆ ಹೇಳುವ ಕೆಲಸವನ್ನು ಅವನೇ ಕರೆದು ಅದಕ್ಕೆ ಕೊಟ್ಟ" ಎಂದರು ಗುರುಗಳು.